ಕಬ್ಬು ಕಾರಖಾನೆ ಲೆಕ್ಕಕ್ಕೆ, ಕೂಸು ಯಾರ ಲೆಕ್ಕಕ್ಕೆ?

ಗೋಕಾಕ: ದೀಪಾವಳಿ ದಾಟಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳದೇ ದರ್ಬಾರು. ಹಿಂದೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೊರಟರೆ ಮೋಟಾರ್ ಸೈಕಲ್ಲಿನವರು ಪಕ್ಕದ ಗಟಾರಕ್ಕೇ ಇಳಿಯಬೇಕು. ಹಿಡಕಲ್ ಡ್ಯಾಮಿನ ನೀರು, ಧೂಪದಾಳದಿಂದ ಹೊರಟ ಕಾಲುವೆ, ಅದರ ಮೇಲೆ ಬೆಳೆದ ಕಬ್ಬು. ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ, ಹುಣಶ್ಯಾಳ ಪಿ.ಜಿ.ಯ ಸತೀಶ ಶುಗರ್ಸ್, ಘಟಪ್ರಭಾ ಸಹಕಾರಿ, ಹೀಗೆ ಕಾರಖಾನೆಗಳಿಗೇನೂ ಬರವಿಲ್ಲ.

ಟನ್ನಿಗೆ ಎಷ್ಟು ಎಂಬ ಜಗಳಕ್ಕೂ ಬರವಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು 3,500 ರೂಪಾಯಿ ಕೇಳಿ ಹಗಲೂ ರಾತ್ರಿ ಕುಳಿತರು. ಕೊನೆಗೆ ಸರಕಾರ 3,300ಕ್ಕೆ ತಂದು ನಿಲ್ಲಿಸಿತು. ರೈತನ ಪಾಲು, ಕಾರಖಾನೆಯ ಪಾಲು, ಸರಕಾರದ ಪಾಲು ಎಲ್ಲವೂ ಆ ದಿನಗಳಲ್ಲಿ ಚರ್ಚೆಗೆ ಬಂದವು. ಕಬ್ಬು ಕಡಿಯಲು ಬಂದ ಹೆಣ್ಣುಮಗಳ ಕಂಕುಳಲ್ಲಿದ್ದ ಕೂಸಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಒಂದು ಕೊಯ್ತಾ ಅಂದರೆ ಇಬ್ಬರು

ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಬಹಳಷ್ಟು ಹೊರಗಿನವು. ಮಹಾರಾಷ್ಟ್ರದ ಬೀಡ ಕಡೆಯವರು, ನಮ್ಮದೇ ವಿಜಯಪುರ, ಕಲಬುರ್ಗಿ ಕಡೆಯ ತಾಂಡಾದವರು. ಲೆಕ್ಕವೆಲ್ಲ ಕೊಯ್ತಾದ ಮೇಲೆ. ಒಂದು ಕೊಯ್ತಾ ಅಂದರೆ ಗಂಡ-ಹೆಂಡತಿ ಜೋಡಿ. ಗಂಡ ಕಡಿದರೆ ಹೆಂಡತಿ ರವದಿ ಸುಲಿದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರೇಲರಿಗೆ ಹಾಕಬೇಕು. ಇಬ್ಬರೂ ಸೇರಿ ದಿನಕ್ಕೆ ಒಂದೂವರೆ, ಎರಡು ಟನ್ ಎಳೆಯುತ್ತಾರೆ. ಮಳೆಗಾಲದಲ್ಲೇ ಮುಕಾದಮನ ಕೈಯಿಂದ ಉಚಲು, ಅಂದರೆ ಮುಂಗಡ, ತಗೊಂಡು ಉಂಡು ಮುಗಿದಿರುತ್ತದೆ. ಅದನ್ನು ಟನ್ನಿನ ಲೆಕ್ಕದಲ್ಲಿ ತೀರಿಸಬೇಕು.

ಕೂಸಿಗೆ ಜ್ವರ ಬಂತೆಂದು ತಾಯಿ ಒಂದು ದಿನ ಜೋಪಡಿಯಲ್ಲಿ ಉಳಿದಳೋ, ಜೋಡಿ ಮುರಿಯಿತು. ಅರ್ಧ ಕೊಯ್ತಾಕ್ಕೆ ಕೆಲಸವಿಲ್ಲ. ಬೀಡ ಕಡೆಯ ಗ್ಯಾಂಗುಗಳಲ್ಲಿ ಇದಕ್ಕೆ ‘ಖಾಡಾ’ ಎಂಬ ಹೆಸರೇ ಇದೆ. ತಪ್ಪಿದ ದಿನದ ದಂಡ ಅದು, ಉಚಲಿನ ಸಾಲಕ್ಕೆ ಜಮಾ. ಹಾಗಾಗಿ ಕತ್ತಲಿರುವಾಗಲೇ ಕೂಸೂ ಹೊಲಕ್ಕೆ ಹೊರಡುತ್ತದೆ. ಬದುವಿನ ಮೇಲೆ ಹಳೆ ಸೀರೆಯ ಜೋಲಿ, ಜೋಲಿ ತೂಗಲು ಏಳೆಂಟು ವರ್ಷದ ಅಕ್ಕ. ಸುತ್ತ ಕೊಯ್ತಾದ ಅಲಗು, ರವದಿಯೊಳಗಿನ ಹಾವು, ಹಿಂದಕ್ಕೆ ಬರುವ ಟ್ರೇಲರಿನ ಗಾಲಿ. ಕೂಸಿನ ಕಾವಲಿಗೆ ನಿಂತ ಆ ಹುಡುಗಿಯ ಸಾಲಿ ಐದು ತಿಂಗಳು ಬಂದ್. ವಲಸೆ ಬಂದವರ ಮಕ್ಕಳನ್ನೂ ಸಾಲಿಗೆ ಸೇರಿಸಿಕೊಳ್ಳುವುದು ಸ್ಥಳೀಯ ಆಡಳಿತದ ಹೊಣೆ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಬರೆದಿಟ್ಟಿದೆ ಅನ್ನಿ. ಆದರೆ ತಂಗಿಯನ್ನು ಯಾರು ನೋಡಬೇಕು ಎಂದು ಬರೆದಿಲ್ಲ.

ಗಿರಣಿಯ ತಾಯಿ, ಹೊಲದ ತಾಯಿ

ಇದೇ ಗೋಕಾಕ ಫಾಲ್ಸಿನಲ್ಲಿ 1880ರ ದಶಕದಿಂದಲೇ ಹತ್ತಿ ಗಿರಣಿ ಇದೆ. ಗಿರಣಿ, ಕಾರಖಾನೆಗಳಿಗೆ ದುಡಿಯಲು ಹೋಗುವ ತಾಯಿಯ ಕೂಸಿನ ವಿಚಾರ ಕಾಯ್ದೆ ಮಾಡಿದವರಿಗೆ 1948ರಲ್ಲೇ ಹೊಳೆದಿತ್ತು. ಆ ವರ್ಷದ ಕಾರಖಾನೆ ಕಾಯ್ದೆಯ 48ನೇ ಕಲಮಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಬೇರೆ ಕೋಣೆ, ನೋಡಿಕೊಳ್ಳಲು ಹೆಂಗಸು ಇರಬೇಕೆಂದು ಬಂತು. 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಎಂಬುದನ್ನು 1976ರಲ್ಲಿ 30ಕ್ಕೆ ಇಳಿಸಿದರು. 2025ರ ನವೆಂಬರ 21ರಿಂದ ಹಳೆ ಕಾಯ್ದೆಗಳು ಹೋಗಿ ಹೊಸ ಸಂಹಿತೆಗಳು ಬಂದಿವೆ. ಅದರಲ್ಲೂ 50 ಜನ ದುಡಿಯುವ ಸಂಸ್ಥೆಗೆ ಶಿಶುಪಾಲನಾ ಕೋಣೆ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು.

ಹೊಲದ ತಾಯಿ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಕಬ್ಬು ಕಾರಖಾನೆಯದು, ಟ್ರ್ಯಾಕ್ಟರು ಕಾರಖಾನೆಯ ಕರಾರಿನದು, ಕಡಿಯುವ ದಿನ ಗೊತ್ತು ಮಾಡುವುದೂ ಕಾರಖಾನೆಯ ಚೀಟಿಯೇ. ಆದರೆ ಹೊಲ ಕಾರಖಾನೆಯಲ್ಲ! ನಡುವೆ ಮುಕಾದಮನೊಬ್ಬ ನಿಂತುಬಿಟ್ಟರೆ ಜವಾಬ್ದಾರಿ ಅವನನ್ನು ದಾಟಿ ಆಚೆ ಹೋಗುವುದಿಲ್ಲ.

ಸಿಮೆಂಟು ಹೊರುವ ತಾಯಿಗಾದರೂ ಒಂದು ದಾರಿ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಿದ್ದರೆ ‘ತಾಯಿ ಮಗು ಸಹಾಯ ಹಸ್ತ’ ಎಂದು ಕೂಸಿಗೆ ಮೂರು ವರ್ಷವಾಗುವತನಕ ವರ್ಷಕ್ಕೆ 6,000 ರೂಪಾಯಿ. ಕಟ್ಟಡದ ವೆಚ್ಚದ ಮೇಲೆ ಹಾಕಿದ ಶೇಕಡಾ 1ರ ಸೆಸ್ಸಿನಿಂದ ಬರುವ ಹಣ ಅದು. ಕಬ್ಬಿಗೂ ಇಂಥದ್ದು ಆಗದೆನ್ನುವಂತಿಲ್ಲ. ಮಹಾರಾಷ್ಟ್ರದಲ್ಲಿ ಗೋಪಿನಾಥ ಮುಂಡೆ ಹೆಸರಿನ ಕಬ್ಬು ಕಡಿಯುವವರ ಮಹಾಮಂಡಳಕ್ಕೆ ಕಾರಖಾನೆಗಳಿಂದ ಟನ್ನಿಗೆ 10 ರೂಪಾಯಿ, ಅಷ್ಟೇ ಹಣ ಸರಕಾರದಿಂದ ಎಂದು ಗೊತ್ತು ಮಾಡಿದ್ದಾರೆ. ಇಲ್ಲೇ ಇರುವುದು ಗಂಟು. ಬೀಡದ ಹೆಣ್ಣುಮಗಳು ಅಲ್ಲಿನ ಕಬ್ಬು ಕಡಿದರೆ ಆ ಹತ್ತು ರೂಪಾಯಿ ಹುಟ್ಟುತ್ತದೆ. ಗಡಿ ದಾಟಿ ಸಂಕೇಶ್ವರದ ಕಬ್ಬು ಕಡಿದರೆ ಹುಟ್ಟುವುದಿಲ್ಲ. ಕೈ ಅದೇ, ಕೊಯ್ತಾ ಅದೇ.

ದೂರದ ದೇಶದ ಮಾತು

ಈ ಜಗಳ ನಮ್ಮ ಗಡಿಯದಷ್ಟೇ ಅಲ್ಲ. ಆಸ್ಟ್ರಿಯಾ ದೇಶದಲ್ಲಿ ದುಡಿಯಲು ನೆರೆಯ ದೇಶಗಳಿಂದ ಬಂದವರು ತಮ್ಮ ಮಕ್ಕಳನ್ನು ಊರಲ್ಲೇ ಬಿಟ್ಟಿದ್ದರೆ, 2019ರ ಜನವರಿಯಿಂದ ಅವರ ಮಕ್ಕಳ ಭತ್ಯೆಯನ್ನು ಆ ಊರಿನ ತುಟ್ಟಿ-ಸೋವಿ ನೋಡಿ ಅಲ್ಲಿನ ಸರಕಾರ ಬದಲಿಸಿತು. ಸೋವಿ ದೇಶದ ಕೂಸಿಗೆ ಕಡಿಮೆ. ಪ್ರಕರಣ ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. ಅದೇ ದೇಶದಲ್ಲಿ ದುಡಿದು ಸರೀಕರಷ್ಟೇ ತೆರಿಗೆ ಕಟ್ಟುವವರಿಗೆ ಭತ್ಯೆಯೂ ಸರಿಸಮ ಸಿಗಬೇಕು ಎಂದು 2022ರ ಜೂನಿನಲ್ಲಿ ತೀರ್ಪಾಯಿತು. ಅಲ್ಲಿ ಕೂಸು ಬೇರೆ ದೇಶದಲ್ಲಿತ್ತು. ಇಲ್ಲಿ ಕೂಸು ನಮ್ಮ ಹೊಲದ ಬದುವಿನ ಮೇಲೇ ಇದೆ.

ಅಂಗನವಾಡಿ ಹತ್ತಿರ, ಹೊತ್ತು ದೂರ

ಅಂಗನವಾಡಿ ಇಲ್ಲವೇ ಎಂದು ಕೇಳಬಹುದು. ಇದೆಯಲ್ಲ. 1975ರ ಅಕ್ಟೋಬರ 2ರಂದು ದೇಶದ 33 ಕಡೆ ಆರಂಭವಾದ ಯೋಜನೆ. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಈಗ ಊರೂರಿಗೂ ಇದೆ. 2017ರಲ್ಲಿ ಗೊತ್ತು ಮಾಡಿದಂತೆ ಒಂದು ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ, ತೀರಾ ಬಡಕಲಾದ ಮಗುವಿಗೆ 12. ಆಹಾರ ಭದ್ರತಾ ಕಾಯ್ದೆ 2013ರದು, ಅದರ ಪ್ರಕಾರ ಇದು ಮಗುವಿನ ಹಕ್ಕು, ದಯೆಯಲ್ಲ. ಹೊರ ರಾಜ್ಯದ ಮಗುವಾದರೂ ಪೋಷಣ್ ಟ್ರ್ಯಾಕರಿನಲ್ಲಿ ಹೆಸರನ್ನು ಇಲ್ಲಿಗೆ ವರ್ಗ ಮಾಡಿಕೊಳ್ಳಲು ಅವಕಾಶವಿದೆ.

ಆದರೆ ಬಾಗಿಲು ತೆರೆಯುವುದು ಒಂಬತ್ತರ ಮೇಲೆ. ತಾಯಿ ಹೊಲಕ್ಕಿಳಿಯುವುದು ಕೋಳಿ ಕೂಗುವ ಮೊದಲು. ಜೋಪಡಿ ಇರುವುದು ಊರಾಚೆ, ಕಾರಖಾನೆ ಬಯಲಿನಲ್ಲೋ ಕಾಲುವೆ ದಂಡೆಯಲ್ಲೋ. ಮಾತು ಮರಾಠಿ ಇಲ್ಲವೇ ಲಂಬಾಣಿ. ಗರ್ಭಿಣಿ-ಬಾಣಂತಿಯರಿಗೆ 2017ರಲ್ಲಿ ಬಂದ ಮಾತೃಪೂರ್ಣ ಬಿಸಿಯೂಟದ ಕಥೆಯೂ ಅಷ್ಟೇ. ಊಟದ ಹೊತ್ತಿಗೆ ಆಕೆ ಹೊರೆಯ ಕೆಳಗೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲೆಂದು 2023ರ ಬಜೆಟ್ಟಿನಲ್ಲಿ 4,000 ಪಂಚಾಯತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ಒಳ್ಳೆಯ ಯೋಜನೆ, ಹೆಸರೂ ಚೆಂದ. ಆದರೆ ಅದರ ಕಣ್ಣು ಇದೇ ಊರಿನ ಜಾಬ್ ಕಾರ್ಡಿನ ಮೇಲೆ. ಕಬ್ಬಿನವಳ ಕಾರ್ಡು ಇದ್ದರೂ ತನ್ನ ಊರಲ್ಲಿರುತ್ತದೆ.

ರೇಶನ್ ಕಾರ್ಡಿನ ಗಂಟು ಬಿಚ್ಚಿದ್ದನ್ನು ಜನ ಕಂಡಿದ್ದಾರೆ. 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿ, ಬೀಡದ ಕಾರ್ಡಿಗೆ ಮೂಡಲಗಿಯ ಅಂಗಡಿಯಲ್ಲೂ ಅಕ್ಕಿ ಎಂದಾಯಿತು. ಹೆಬ್ಬೆಟ್ಟು ಎಲ್ಲಿದೆಯೋ ಅಲ್ಲಿ ಧಾನ್ಯ. ಅಕ್ಕಿಗೆ ಆದದ್ದು ಕೂಸಿಗೆ ಯಾಕೆ ಆಗಬಾರದು? ಗ್ಯಾಂಗುಗಳ ಜೊತೆ ಕರಾರು ಬರೆಯುವಾಗ ಎಷ್ಟು ಕೊಯ್ತಾ ಎಂಬುದರ ಪಕ್ಕ ಎಷ್ಟು ಮಕ್ಕಳು, ಯಾವ ವಯಸ್ಸು ಎಂದು ಇನ್ನೊಂದು ಕಾಲಂ ಗೀರಲು ಯಾವ ಕಾರಖಾನೆಗೂ ಖರ್ಚಿಲ್ಲ. ಆ ಪಟ್ಟಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಜಿಗೆ ಹೋದರೆ ಕೆಲಸ ಅರ್ಧ ಮುಗಿದಂತೆ.

ಉಳಿದರ್ಧಕ್ಕೆ ಸುಪ್ರೀಂ ಕೋರ್ಟಿನ ಆದೇಶವೇ ಇದೆ. 2006ರ ಡಿಸೆಂಬರ 13ರದು. ಅಂಗನವಾಡಿ ಇಲ್ಲದ ವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಲ್ಲಿನ ಜನ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು. ದೊಡ್ಡ ಜೋಪಡಿ ಸಾಲಿನಲ್ಲಿ 40 ಮಕ್ಕಳು ಸಿಗುವುದು ಕಷ್ಟವಲ್ಲ. ಗಂಟಿರುವುದು ಮೂರು ತಿಂಗಳಲ್ಲಿ. ದೀಪಾವಳಿಗೆ ಅರ್ಜಿ ಹಾಕಿದರೆ ಶಿವರಾತ್ರಿ ಹೊತ್ತಿಗೆ ಮಂಜೂರು, ಯುಗಾದಿಗೆ ಗ್ಯಾಂಗು ವಾಪಸ್. ಆದ್ದರಿಂದ ಮುಕಾದಮರು ಉಚಲು ಹಂಚುವ ಶ್ರಾವಣದಲ್ಲೇ ಅರ್ಜಿಯೂ ಬೀಳಬೇಕು. ಬರೆಯಲು ಬಾರದ ತಾಯಂದಿರ ಪರವಾಗಿ ಅದನ್ನು ಬರೆದುಕೊಡಲು ಕಾರಖಾನೆಯ ಕಬ್ಬು ವಿಭಾಗದಲ್ಲಿ ಗುಮಾಸ್ತರು ಇದ್ದೇ ಇದ್ದಾರೆ.