ಇಪ್ಪತ್ತೆಂಟು ನಿಮಿಷಗಳ ‘ಪಿಂಕ್ ಮೂನ್’

ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ 1972ರಲ್ಲಿ ಹೊರಬಂದಾಗ ಕೊಂಡವರು ತೀರಾ ಕಡಿಮೆ. ಇಂದು ಅದು ಜನಪದ ಧಾಟಿಯ ಶ್ರೇಷ್ಠ ಆಲ್ಬಮ್‌ಗಳ ಸಾಲಿನಲ್ಲಿದೆ. ಈ ತಡವಾದ ಮನ್ನಣೆಗೆ ಅದರ ಬರಿದುತನವೇ ಮುಖ್ಯ ಕಾರಣವೆಂದು ನನ್ನ ವಾದ. ಹಿಂದಿನ ಎರಡು ಆಲ್ಬಮ್‌ಗಳಲ್ಲಿ ತಂತಿವಾದ್ಯಗಳ ಮೇಳವಿತ್ತು, ಎರಡನೆಯದರಲ್ಲಂತೂ ಡ್ರಮ್ಸ್, ಸ್ಯಾಕ್ಸೋಫೋನ್‌ಗಳೂ ಇದ್ದವು. ಅಂಥ ವಾದ್ಯಸಂಯೋಜನೆಯಲ್ಲಿ ಆಯಾ ಕಾಲದ ರುಚಿ ಅಂಟಿಕೊಂಡಿರುತ್ತದೆ. 1971ರ ಅಕ್ಟೋಬರಿನಲ್ಲಿ, ಎರಡೇ ರಾತ್ರಿಗಳಲ್ಲಿ, ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ ಈ ಹನ್ನೊಂದು ತುಣುಕುಗಳಲ್ಲಿ ಇರುವುದು ದನಿ, ಗಿಟಾರ್, ಶೀರ್ಷಿಕೆ ಗೀತೆಯಲ್ಲಿ ಒಂದಿಷ್ಟು ಪಿಯಾನೋ ಮಾತ್ರ; ಹಾಗಾಗಿ ಅದಕ್ಕೆ ಕಾಲದ ಗುರುತು ಅಂಟಿಲ್ಲ. ಇಷ್ಟು ಬರಿದಾದರೂ ಅದು ಬಡಕಲಲ್ಲ. ತಂತಿಗಳ ಶ್ರುತಿಯನ್ನೇ ಬೇರೆ ಬೇರೆ ಬಗೆಯಲ್ಲಿ ಬದಲಿಸಿ, ಹೆಬ್ಬೆರಳಿನಿಂದ ಮಂದ್ರ ಸ್ವರಗಳನ್ನೂ ಉಳಿದ ಬೆರಳುಗಳಿಂದ ರಾಗದ ಎಳೆಗಳನ್ನೂ ಒಟ್ಟಿಗೆ ನುಡಿಸುವ ಡ್ರೇಕ್‌ನ ಕೈಯಲ್ಲಿ ಒಂದೇ ಗಿಟಾರ್ ಎರಡಾಗಿ ಕೇಳುತ್ತದೆ.

ಈ ತಡವಾದ ಮನ್ನಣೆಯೆಲ್ಲ ಸಾವಿನ ಮತ್ತು ಜಾಹೀರಾತಿನ ಮಹಿಮೆ ಎನ್ನುವವರಿದ್ದಾರೆ. ಡ್ರೇಕ್ 1974ರಲ್ಲಿ, 26ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಅವನ ಸುತ್ತ ಒಂದು ದಂತಕಥೆ ಬೆಳೆಸಿತು, ನಿಜ. ಆದರೆ ಅಕಾಲದಲ್ಲಿ ಅಗಲಿದ ಎಷ್ಟೋ ಗಾಯಕರ ರೆಕಾರ್ಡುಗಳನ್ನು ಯಾರೂ ಕೇಳುತ್ತಿಲ್ಲ. ಶೀರ್ಷಿಕೆ ಗೀತೆಯನ್ನು ಬಳಸಿಕೊಂಡು 1999ರ ಕೊನೆಗೆ ಬಂದ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತು ಅಮೆರಿಕದಲ್ಲಿ ಮಾರಾಟವನ್ನು ಹಲವು ಪಟ್ಟು ಏರಿಸಿದ್ದೂ ನಿಜ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1979ರಲ್ಲಿ, ‘ಫ್ರೂಟ್ ಟ್ರೀ’ ಎಂಬ ಸಂಪುಟವಾಗಿ ಡ್ರೇಕ್‌ನ ಆಲ್ಬಮ್‌ಗಳು ಮರಳಿ ಬಂದಿದ್ದವು. 1985ರಲ್ಲಿ ಡ್ರೀಮ್ ಅಕಾಡೆಮಿ ತಂಡ ತನ್ನ ಜನಪ್ರಿಯ ಗೀತೆಯೊಂದನ್ನು ಅವನಿಗೆ ಅರ್ಪಿಸಿತ್ತು. ಜಾಹೀರಾತು ಮಾಡಿದವರು ‘ಪಿಂಕ್ ಮೂನ್’ ಹಾಡನ್ನು ಆರಿಸಿಕೊಳ್ಳಲು ಸಾಧ್ಯವಾದದ್ದೇ ಸಂಗೀತಗಾರರೂ ಅಭಿಮಾನಿಗಳೂ ಅದನ್ನು ಅಷ್ಟು ಕಾಲ ಬಿಡದೆ ಕೇಳಿಕೊಂಡು ಬಂದಿದ್ದರಿಂದ.