ಕೃಷ್ಣೆಯ ಆಚೆ ದಂಡೆಯ ನೀಲಮ್ಮ

ಕೂಡಲಸಂಗಮಕ್ಕೆ ಹೋದವರು ಬಸವಣ್ಣನ ಐಕ್ಯಲಿಂಗಕ್ಕೆ ಹಣೆ ಮುಟ್ಟಿಸದೆ ಬರುವುದಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗದಿರಲೆಂದು ಲಿಂಗದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲು ಇಳಿದು ದರ್ಶನ ಮಾಡಿ ಮೇಲೆ ಬಂದರೆ ಕಣ್ಣ ಮುಂದೆ ನೀರೇ ನೀರು. ಬಾಗಲಕೋಟೆ ಜಿಲ್ಲೆ ಅಲ್ಲಿಗೆ ಮುಗಿಯಿತು. ಕೃಷ್ಣೆಯ ಆಚೆ ದಂಡೆ ವಿಜಯಪುರ ಜಿಲ್ಲೆಯದು. ಆ ದಂಡೆಯ ಮೇಲೆ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಎಂಬ ಊರಿದೆ. ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದದ್ದು ಅಲ್ಲಿ. ಗಂಡ ಈ ದಂಡೆ, ಹೆಂಡತಿ ಆ ದಂಡೆ, ನಡುವೆ ಹೊಳೆ. ಈ ಭಾಗದಲ್ಲಿ ದೈವಭಕ್ತೆಯಾದ ಗೃಹಿಣಿಯೊಬ್ಬಳನ್ನು ನೆನೆಯಬೇಕೆಂದರೆ ನನಗೆ ಮೊದಲು ಹೊಳೆಯುವ ಹೆಸರು ಇವಳದೇ.

ನೀಲಮ್ಮ, ನೀಲಲೋಚನೆ, ನೀಲಾಂಬಿಕೆ, ಜನರ ಬಾಯಲ್ಲಿ ನೀಲವ್ವ. ಅವಳ ತವರಿನ ವಿಷಯದಲ್ಲಿ ಪುರಾಣಗಳಲ್ಲಿ ಒಮ್ಮತವಿಲ್ಲ. ಮನೆಗೆಲಸ ಏನಿತ್ತು ಎಂಬುದರಲ್ಲಿ ಮಾತ್ರ ಒಮ್ಮತವಿದೆ. ಕಲ್ಯಾಣದ ಮಹಾಮನೆಗೆ ದಿನವೂ ಬರುತ್ತಿದ್ದ ಜಂಗಮರು ಒಂದು ಲಕ್ಷ ತೊಂಬತ್ತಾರು ಸಾವಿರ ಎಂದು ಪರಂಪರೆ ಎಣಿಸುತ್ತದೆ. ಭಕ್ತಿ ಹಿಗ್ಗಿಸಿ ಹೇಳಿದ ಲೆಕ್ಕ ಅದು, ಇರಲಿ. ಆದರೆ ಆ ಪಂಕ್ತಿಯ ಹಿಂದೆ ಒಂದು ಒಲೆ ಉರಿಯುತ್ತಿತ್ತಲ್ಲ! ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತ, ಅನುಭವ ಮಂಟಪದಲ್ಲಿ ಶರಣರೊಡನೆ ಕೂತಿದ್ದಾಗ ಬಂದವರ ಕಾಲಿಗೆ ನೀರು ಕೊಟ್ಟು, ಎಡೆ ಮಾಡಿ, ಉಂಡವರಿಗೆ ಇನ್ನೊಂದು ತುತ್ತು ಬೇಕೇ ಎಂದು ಕೇಳಿದ ಕೈಗಳು ಬಸವಣ್ಣನ ಇನ್ನೊಬ್ಬ ಮಡದಿ ಗಂಗಾಂಬಿಕೆಯವು, ನೀಲಾಂಬಿಕೆಯವು, ಬಸವಣ್ಣನ ಅಕ್ಕ ನಾಗಮ್ಮನವು. ದಾಸೋಹವನ್ನು ನಾವು ತತ್ವವೆಂದು ಹೊಗಳುತ್ತೇವೆ. ಅದನ್ನು ದಿನವೂ ನಡೆಸಿದವರ ಹೆಸರು ಭಾಷಣದ ಕೊನೆಗೊಮ್ಮೆ ಬಂದು ಹೋಗುತ್ತದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ತಾಯಿಯಾಗಿ ಅವಳ ಪಾಲಿಗೆ ಬಂದದ್ದು ದುಃಖ. ಅವಳ ಮಗು ಬಾಲಸಂಗಯ್ಯ ಬಹಳ ದಿನ ಬದುಕಲಿಲ್ಲವೆಂದು ಪರಂಪರೆ ಹೇಳುತ್ತದೆ, ಅದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಮಗುವನ್ನು ಮಣ್ಣು ಮಾಡಿದ ಮರುದಿನವೂ ಜಂಗಮರು ಬಂದಿರಬೇಕು, ಒಲೆ ಹೊತ್ತಿಸಿರಬೇಕು. ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ: ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ಈ ಐದರಲ್ಲಿ ಹೆಣ್ಣಿನ ಬದುಕಿಗೆ ನೇರವಾಗಿ ತಾಗುವಂಥವು ಎಷ್ಟೆಂದು ಯೋಚಿಸಿ ನೋಡಿ. ಬಾಣಂತಿಯಾದರೂ, ತಿಂಗಳ ದಿನಗಳಾದರೂ, ಮನೆಯಲ್ಲಿ ಸಾವಾದರೂ ಅಂಗೈಯ ಲಿಂಗಕ್ಕೆ ಪತ್ರಿ ಏರಿಸಲು ಅವಳಿಗೆ ಅಡ್ಡಿಯಿಲ್ಲ. ಕೊರಳಲ್ಲಿ ಕಟ್ಟಿಕೊಂಡ ದೇವರು ಹೊರಗೆ ಕೂರು ಅನ್ನುವುದಿಲ್ಲ. ಹನ್ನೆರಡನೆಯ ಶತಮಾನದ ಗೃಹಿಣಿಗೆ ಇದು ಎಂಥ ಆಸರೆಯಾಗಿತ್ತು ಎಂಬುದನ್ನು ಇವತ್ತಿಗೂ ಹಬ್ಬದ ದಿನ ಮೂಲೆಯಲ್ಲಿ ಕೂರಬೇಕಾಗಿ ಬಂದವರೇ ಬಲ್ಲರು.

ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯ ಲಿಂಗಾಯತ ಮನೆಗಳಲ್ಲಿ ನಸುಕಿನಲ್ಲಿ ಎದ್ದು ನೋಡಿ. ಅಂಗಳ ಗುಡಿಸಿ, ನೀರು ಚಿಮುಕಿಸಿ, ಮಿಂದು ಬಂದ ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಿರುತ್ತಾಳೆ. ಎಡಗೈ ಅಂಗೈಯಲ್ಲಿ ಲಿಂಗ, ಬಲಗೈ ಬೆರಳಲ್ಲಿ ಒಂದೆಸಳು ಪತ್ರಿ, ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ಮೊಮ್ಮಗ ಸೆರಗು ಜಗ್ಗಿದರೂ ತಿರುಗುವುದಿಲ್ಲ. ಪೂಜೆ ಆಗುವ ತನಕ ಬಾಯಿಗೆ ಹನಿ ನೀರಿಲ್ಲ. ಆಮೇಲೆ ರೊಟ್ಟಿ ಬಡಿಯುವ ಸಪ್ಪಳ ಶುರುವಾದರೆ ಇಡೀ ಮನೆಯ ಹೊಟ್ಟೆ ತುಂಬುವವರೆಗೂ ನಿಲ್ಲುವುದಿಲ್ಲ. ಆ ಒಂದಿಷ್ಟು ಹೊತ್ತು ಅವಳು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ನೀಲಮ್ಮನನ್ನು ಅರ್ಥಮಾಡಿಕೊಳ್ಳಲು ಆ ಹೊತ್ತನ್ನು ನೋಡಬೇಕು ಎಂದು ನಾನು ನಂಬಿದ್ದೇನೆ.

ಏಕೆಂದರೆ ಅವಳ ಬದುಕಿನ ದೊಡ್ಡ ಮಾತು ಹುಟ್ಟಿದ್ದು ಅಲ್ಲಿಂದಲೇ. 1167ರ ಸುಮಾರಿಗೆ ಕಲ್ಯಾಣ ಕದಡಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ, ಅದರ ಹಿಂದೆಯೇ ಶರಣರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ. ಬಸವಣ್ಣ ಕಲ್ಯಾಣ ಬಿಟ್ಟು ತಾನು ಓದಿ ಬೆಳೆದ ಸಂಗಮಕ್ಕೆ ಮರಳಿದ್ದ. ಕೊನೆಗಾಲ ಹತ್ತಿರವಾಯಿತೆಂದು ತಿಳಿದಾಗ ಕಲ್ಯಾಣದಲ್ಲೇ ಇದ್ದ ನೀಲಮ್ಮನನ್ನು ಕರೆತರಲು ತನ್ನ ಆಪ್ತ ಹಡಪದ ಅಪ್ಪಣ್ಣನನ್ನು ಕಳಿಸಿದ ಎಂದು ಪರಂಪರೆ ಹೇಳುತ್ತದೆ. ಅಪ್ಪಣ್ಣ ಬಂದು ವಿಷಯ ತಿಳಿಸಿದ. ಸೀರೆಯ ಗಂಟು ಕಟ್ಟಿಕೊಂಡು ಅವಳು ಓಡಲಿಲ್ಲ. ಅಲ್ಲಿರುವ ಸಂಗಯ್ಯ ಇಲ್ಲಿ ಇಲ್ಲದೆ ಹೋದನೇ ಎಂಬರ್ಥದ ಪ್ರಶ್ನೆಯನ್ನು ಅವಳು ಕೇಳಿದಳು.

ಈ ಮಾತನ್ನು ಕೆಲವರು ಮುನಿಸೆಂದು ಓದುತ್ತಾರೆ, ಕೆಲವರು ವೈರಾಗ್ಯವೆಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಅದು ದಿನಾ ಬೆಳಗ್ಗೆ ಅಂಗೈ ನೋಡಿಕೊಂಡು ಕೂತವಳ ಮಾತು. ದೇವರು ಗಂಡನ ಊರಲ್ಲಿ ಮಾತ್ರ ಇದ್ದಾನೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ, ಬಸವಣ್ಣನೂ ಕಲಿಸಿರಲಿಲ್ಲ. ಗಂಡ ಹೇಳಿದ ತತ್ವವನ್ನು ಗಂಡನ ಎದುರೇ ಹಿಡಿದು ನಿಲ್ಲಿಸಿದ ಹೆಂಡತಿ ಅವಳು. ಹೇಳಬೇಕಾದ್ದನ್ನು ಹೇಳಿದ ಮೇಲೆ ಹೊರಟೂ ಬಂದಳು, ಅದೂ ಅಷ್ಟೇ ದೊಡ್ಡದು. ಕರೆದವನು ಬಾಳು ಹಂಚಿಕೊಂಡವನು, ಅವನ ದೇಹ ಇಳಿಯುವ ಹೊತ್ತು. ತಂಗಡಗಿಗೆ ಬಂದಾಗ ಸುದ್ದಿ ಎದುರಾಯಿತು: ಬಸವಣ್ಣ ಐಕ್ಯನಾದ. ಅವಳು ಹೊಳೆ ದಾಟಲಿಲ್ಲ. ಅಲ್ಲೇ ಕೂತು ಲಿಂಗದಲ್ಲಿ ಬೆರೆತಳು. ಜೊತೆಗಿದ್ದ ಅಪ್ಪಣ್ಣನ ಗುರುಪೀಠವೂ ಇವತ್ತು ಅದೇ ಊರಲ್ಲಿದೆ.

ನೀಲಮ್ಮನ ಹೆಸರಿನಲ್ಲಿ ನೂರಕ್ಕೂ ಹೆಚ್ಚು ವಚನಗಳು ಉಳಿದಿವೆ. ಅಂಕಿತ ಸಂಗಯ್ಯ. ಅವುಗಳಲ್ಲಿ ಬಸವನ ಹೆಸರು ಮತ್ತೆ ಮತ್ತೆ ಬರುತ್ತದೆ. ಅವನಿಲ್ಲದ ಮೇಲೆ ತನಗೆ ರೂಪವಿಲ್ಲ, ಹೆಸರಿಲ್ಲ, ಹೆಣ್ಣೆಂಬ ಭಾವವೂ ಕಳಚಿತು ಎಂಬ ದನಿ ಕೇಳುತ್ತದೆ. ಓದುತ್ತ ಹೋದಂತೆ ಅಳು ಎಲ್ಲಿ ಮುಗಿಯಿತು, ಅರಿವು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಕೂಡಿಸದಿದ್ದರೆ ಇಂಥ ಎಷ್ಟು ದನಿಗಳು ಅಟ್ಟದ ಮೇಲೇ ಹುಡಿಯಾಗುತ್ತಿದ್ದವೋ. 1993ರಲ್ಲಿ ಕರ್ನಾಟಕ ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಪೂರ್ತಿಯಾಗಿ ಶಿವಶರಣೆಯರದು, ವೀರಣ್ಣ ರಾಜೂರ ಅವರ ಸಂಪಾದನೆ.

ಬಸವಪುರಾಣದಲ್ಲಿ ಒಂದು ಸೀರೆಯ ಕಥೆ ಇದೆ. ಬಸವಣ್ಣನ ಮಡದಿ ಉಟ್ಟ ಸೀರೆಯೇ ಬೇಕೆಂದು ಒಬ್ಬಳು ವೇಶ್ಯೆ ಹಠ ಹಿಡಿಯುತ್ತಾಳೆ, ಅವಳ ಮನೆಯಲ್ಲಿದ್ದ ಜಂಗಮ ಬಂದು ಕೇಳುತ್ತಾನೆ, ಬಸವಣ್ಣ ಇಲ್ಲವೆನ್ನುವುದಿಲ್ಲ. ಕಥೆ ಕೊಡಿಸಿದವನ ಭಕ್ತಿಯನ್ನು ಕೊಂಡಾಡುತ್ತದೆ. ಉಟ್ಟಿದ್ದನ್ನು ಬಿಚ್ಚಿಕೊಡಬೇಕಾದವಳ ಮನಸ್ಸಿನ ಕಡೆ ಕಥೆಗಾರರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೀರೆ ಅಂದರೆ ಏನೆಂದು ಇಳಕಲ್ಲಿನವರನ್ನು ಕೇಳಬೇಕು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿದರೆ ಮಾತ್ರ ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ ಏಳುತ್ತದೆ. ಗಂಡ ಕುಣಿಮಗ್ಗದಲ್ಲಿ ಲಾಳಿ ಆಡಿಸಿದರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಮಾರುವಾಗ ಮಾತ್ರ ಅದು ನೇಕಾರನ ಸೀರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ತೊಟ್ಟು ಸಂಗಮಕ್ಕೆ ಬರುವ ಹೆಂಗಸರನ್ನು ನೋಡಿದಾಗಲೆಲ್ಲ ಆ ಕಥೆಯಲ್ಲಿ ಹೇಳದೆ ಬಿಟ್ಟದ್ದು ನನಗೆ ನೆನಪಾಗುತ್ತದೆ.

ಮಹಾಮನೆಯ ಮೂವರು ಹೆಂಗಸರಿಗೆ ಒಂದೇ ಮಣ್ಣು ಸಿಗಲಿಲ್ಲ. ಕಲ್ಯಾಣ ಕದಡಿದ ಮೇಲೆ ಉಳವಿಯ ಕಡೆ ಹೊರಟ ಶರಣರೊಂದಿಗೆ ನಡೆದ ಗಂಗಾಂಬಿಕೆ ಬೆಳಗಾವಿ ಜಿಲ್ಲೆಯ ಎಂ. ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಒಡಲಲ್ಲಿ ಐಕ್ಯಳಾದಳು. ಮಗ ಚನ್ನಬಸವಣ್ಣನೊಡನೆ ಉಳವಿ ಮುಟ್ಟಿದ ಅಕ್ಕನಾಗಮ್ಮನ ಐಕ್ಯಸ್ಥಳ ತರೀಕೆರೆ ಸೀಮೆಯ ಎಣ್ಣೆಹೊಳೆ. ಆದರೆ ಗಂಗಾಂಬಿಕೆಯ ಮಂಟಪ ತೊಳೆದ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟು ಇಳಿದು, ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲು, ಹುನಗುಂದ ತಾಲ್ಲೂಕಿನ ಐಹೊಳೆ ಹಾಯ್ದು, ಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಒಬ್ಬ ಮಡದಿಯ ಹೊಳೆ, ಇನ್ನೊಬ್ಬ ಮಡದಿಯ ಹೊಳೆ, ಎರಡೂ ಸೇರುವಲ್ಲಿ ಗಂಡನ ಐಕ್ಯಲಿಂಗ. ಯಾರೂ ಯೋಚಿಸಿ ಮಾಡಿದ್ದಲ್ಲ.

ಅದೇ ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ ಇವರಿಗಿಂತ ನಾಲ್ಕು ಶತಮಾನ ಹಿಂದೆ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ ಲೋಕೇಶ್ವರ ಗುಡಿ ಕಟ್ಟಿಸಿದಳು. ಈಗ ನಾವು ವಿರೂಪಾಕ್ಷ ಗುಡಿ ಅನ್ನುವುದು ಅದನ್ನೇ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಸವತಿ, ಎರಡನೆಯ ಕೀರ್ತಿವರ್ಮನ ತಾಯಿ ತ್ರೈಲೋಕ್ಯಮಹಾದೇವಿಯದು. ರಾಣಿಯರಿಗೆ ಕಲ್ಲಿತ್ತು, ಶಾಸನವಿತ್ತು. ನೀಲಮ್ಮನಿಗೆ ಇದ್ದದ್ದು ಜನರ ನಾಲಿಗೆ. ಈ ಸೀಮೆಯ ಹಳ್ಳಿಗಳಲ್ಲಿ ನೀಲವ್ವ, ಗಂಗವ್ವ, ನಾಗವ್ವ ಎಂಬ ಹೆಸರುಗಳು ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದಿವೆ.

ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ದುಡ್ಡಲ್ಲ, ಧಾನ್ಯವಲ್ಲ. ಕುಡಿತ, ತಂಬಾಕಿನ ಚಟ ಇದರಲ್ಲಿ ಹಾಕಿರಿ ಎಂದರು. ಮಹಾಂತ ಜೋಳಿಗೆಗೆ ಕೈ ಚಾಚಿದವರು ಹೆಚ್ಚಾಗಿ ಗಂಡಸರು, ಅದು ಮನೆ ಮುಂದೆ ಬರಲೆಂದು ಕಾದವರು ಅವರ ಹೆಂಡಂದಿರು, ತಾಯಂದಿರು. ಪೂಜೆಗೆ ಕೂತಾಗ ಅವರು ಕೇಳಿಕೊಳ್ಳುವುದು ತಮಗಾಗಿ ಏನನ್ನೂ ಅಲ್ಲ. ಕುಡಿದು ಬರುವ ಮಗನಿಗಾಗಿ, ದುಡಿಯಲು ಗುಳೆ ಹೋದ ಗಂಡನಿಗಾಗಿ. ನೀಲಮ್ಮನ ದಾಸೋಹ ಮುಂದುವರಿದಿರುವುದು ಇಂಥವರ ಕೈಯಲ್ಲಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಸಂಕ್ರಾಂತಿಗೆ ಸಂಗಮದ ನೀರಲ್ಲಿ ಮಿಂದು, ದಂಡೆಯ ಮೇಲೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯೆ, ಗುರೆಳ್ಳು ಚಟ್ನಿಯ ಬುತ್ತಿ ಬಿಚ್ಚುವವರು ಸಾವಿರ ಸಾವಿರ. ಊಟ ಮುಗಿಸಿ ಗಾಡಿ ಹತ್ತಿ ಬಂದ ದಾರಿಯಲ್ಲೇ ತಿರುಗುವುದು ರೂಢಿ. ಹುನಗುಂದದಿಂದ ಮುದ್ದೇಬಿಹಾಳದ ರಸ್ತೆ ಹಿಡಿದು ಕೃಷ್ಣೆಯ ಸೇತುವೆ ದಾಟಿದರೆ ತಂಗಡಗಿ ಬಂತು. ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಬುತ್ತಿಯ ಒಂದು ಗಂಟು ಅಲ್ಲಿ ಬಿಚ್ಚಿ, ಮೊದಲ ಎಡೆ ಅವ್ವನಿಗೆ ಬಡಿಸಿ.