ಹಿತ್ತಲ ಕೋಳಿ, ರಾತ್ರಿಯ ಕಳ್ಳರು ಮತ್ತು ನಮ್ಮ ಅಂಗಡಿಯ ಜಾಲರಿ

ಲೆಕ್ಕಪರಿಶೋಧಕನೊಬ್ಬನು ತೆರಿಗೆಯ ವಿಚಾರ ಬಿಟ್ಟು ಕೋಳಿಗೂಡಿನ ಬಗ್ಗೆ ಬರೆಯಲು ಹೊರಟಿರುವುದು ಸದಸ್ಯ ಮಿತ್ರರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ವಿಚಾರವು ನನ್ನ ಮೇಜಿನ ಮೇಲೆ ಬಂದುದು ಲೆಕ್ಕದ ಪುಸ್ತಕದ ಮೂಲಕವೇ. ಸಾಗರ ತಾಲ್ಲೂಕಿನ ಹಳ್ಳಿಯೊಂದರ ಮಹಿಳಾ ಸ್ವಸಹಾಯ ಸಂಘದ ಲೆಕ್ಕಪತ್ರಗಳನ್ನು ಕೆಲವು ವರ್ಷಗಳಿಂದ ಪರಿಶೀಲಿಸಿಕೊಡುತ್ತಿದ್ದೇನೆ. ಒಂದು ವರ್ಷದ ಖರ್ಚಿನ ಪಟ್ಟಿಯಲ್ಲಿ ‘ಕೋಳಿ ಹೋದದ್ದು – 14’ ಎಂಬ ನಮೂದು ಕಂಡಿತು. ಹೋದದ್ದು ಎಂದರೆ ಮಾರಾಟವೋ, ಕಳವೋ, ರೋಗವೋ ಎಂದು ವಿಚಾರಿಸಿದಾಗ ಸಂಘದ ಕಾರ್ಯದರ್ಶಿಯವರು, “ಒಂದೇ ರಾತ್ರಿ ಸರ್. ಪುನುಗು ಬೆಕ್ಕು ನುಗ್ಗಿತ್ತು” ಎಂದರು.

ಇದ್ದುದು 20 ಕೋಳಿ. ಬೆಳಿಗ್ಗೆ ಬಾಗಿಲು ತೆಗೆದಾಗ 14 ಸತ್ತಿದ್ದವು. ಅವುಗಳಲ್ಲಿ ತಿಂದದ್ದು ಎರಡನ್ನು ಮಾತ್ರ; ಉಳಿದವಕ್ಕೆ ಕುತ್ತಿಗೆಯ ಬಳಿ ಹಲ್ಲಿನ ಗುರುತು. ಹೊರಗೆ ಓಡಲು ದಾರಿಯಿಲ್ಲದ ಕೋಳಿಗಳು ಗೂಡಿನೊಳಗೆ ರೆಕ್ಕೆ ಬಡಿಯುತ್ತಿದ್ದರೆ ಬೇಟೆಯ ಪ್ರಾಣಿಯು ತನ್ನ ಹಸಿವೆಗಿಂತ ಎಷ್ಟೋ ಹೆಚ್ಚು ಕೊಲ್ಲುತ್ತದೆ. ಆದುದರಿಂದ ಹಿತ್ತಲ ಕೋಳಿಯ ನಷ್ಟವು ತಿಂಗಳಿಗೊಂದು ಎರಡರಂತೆ ಸವೆಯುವ ನಷ್ಟವಲ್ಲ. ಒಂದು ರಾತ್ರಿಯಲ್ಲಿ ಇಡೀ ಬಂಡವಾಳವೇ ಹೋಗಬಹುದು.

ಪುಸ್ತಕದಲ್ಲಿ ಆ ನಷ್ಟವನ್ನು ಮರಿಗಳ ಖರೀದಿ ದರದಲ್ಲಿ ಬರೆದಿದ್ದರು. ಐದು ತಿಂಗಳು ಹಾಕಿದ ಮೇವು, ಕೊಕ್ಕರೆ ರೋಗದ ಲಸಿಕೆ, ಇನ್ನೇನು ಮೊಟ್ಟೆಗೆ ಬರಬೇಕಿದ್ದ ಕೋಳಿಯ ಬೆಲೆ ಇವಾವುವೂ ಅಲ್ಲಿರಲಿಲ್ಲ. ಸಾಲದ ಕಂತನ್ನು ಮಾತ್ರ ತಪ್ಪದೆ ಕಟ್ಟಿದ್ದರು. ಅಡಿಕೆ ಸುಲಿಯುವ ಕೂಲಿಯಿಂದ ಕಟ್ಟಿದೆವೆಂದು ಅವರು ಹೇಳಿದ ಮೇಲೆ ಆ ಒಂದು ಸಾಲಿನ ನಮೂದನ್ನು ಹಾಗೆಯೇ ದಾಟಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ವೋಚರ್‌ಗಳನ್ನು ತೆಗೆಸಿದೆ. ಗೂಡಿಗೆ ಖರ್ಚು ಮಾಡಿಯೇ ಇದ್ದರು. ‘ಕೋಳಿ ಜಾಲರಿ, 1 ಸುರುಳಿ’ ಎಂಬ ಬಿಲ್ಲು ನಮ್ಮ ಸಂಸ್ಥೆಯ ಸದಸ್ಯರೊಬ್ಬರ ಅಂಗಡಿಯದೇ. ಆರು ಮೂಲೆಯ ಕಣ್ಣುಗಳುಳ್ಳ, ತೆಳು ತಂತಿಯನ್ನು ಹೊಸೆದು ಮಾಡಿದ ಜಾಲರಿ ಅದು. ಒಂದು ಮೂಲೆಯಲ್ಲಿ ಅದನ್ನು ಎಳೆದು ಹರಿದು ಪ್ರಾಣಿಯು ಒಳಗೆ ಹೋಗಿತ್ತು. ಆ ಮಿತ್ರರನ್ನು ಕಂಡು ಕೇಳಿದಾಗ, “ಕೋಳಿ ಜಾಲರಿ ಬೇಕು ಎಂದರು, ಕೋಳಿ ಜಾಲರಿಯನ್ನೇ ಕೊಟ್ಟೆ” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತೊಡಕಿರುವುದು ಆ ಹೆಸರಿನಲ್ಲಿಯೇ. ಈ ಜಾಲರಿಯು ಕೋಳಿಯನ್ನು ಒಳಗಿರಿಸುವುದಕ್ಕೆ ತಕ್ಕದ್ದು, ಹೊರಗಿನ ಶತ್ರುವನ್ನು ತಡೆಯುವುದಕ್ಕಲ್ಲ. ನಾಯಿಯು ಅದನ್ನು ಹಲ್ಲಿನಿಂದ ಹರಿಯಬಲ್ಲದು. ಮುಂಗುಸಿ, ಹೆಗ್ಗಣಗಳಿಗೆ ದೊಡ್ಡ ಕಣ್ಣೇ ದಾರಿ. ಜಾಲರಿಗೆ ಒತ್ತಿಕೊಂಡು ಮಲಗಿದ ಕೋಳಿಯನ್ನು ಹೊರಗಿನಿಂದಲೇ ಪಂಜಿನಲ್ಲಿ ಹಿಡಿದೆಳೆಯುವುದೂ ಉಂಟು.

ರಾತ್ರಿಯ ಗೂಡಿಗೆ ಬೇಕಾದುದು ಅರ್ಧ ಅಂಗುಲ ಕಣ್ಣಿನ ವೆಲ್ಡೆಡ್ ಮೆಶ್. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ ಎಂಬುದು ವ್ಯಾಪಾರಿಗಳಿಗೆ ತಿಳಿದ ವಿಷಯವಾದರೂ ಗ್ರಾಹಕರಿಗೆ ತಿಳಿದಿರುವುದಿಲ್ಲ. ದೊಡ್ಡ ಸಂಖ್ಯೆಯೇ ಗಟ್ಟಿಯೆಂದು ಭಾವಿಸಿ ಕೊಳ್ಳುವವರಿದ್ದಾರೆ. ಬೆಸುಗೆಯಾದ ನಂತರ ಸತುವಿನ ಲೇಪನ ಪಡೆದ ಮೆಶ್ ಮಲೆನಾಡಿನ ಮಳೆಗೆ ಉತ್ತಮ. ಲೇಪಿತ ತಂತಿಯನ್ನು ಬಳಿಕ ಬೆಸೆದರೆ ಬೆಸುಗೆಯ ಸ್ಥಳದಲ್ಲಿ ಸತುವು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಚೌಕಟ್ಟಿಗೆ ಇದನ್ನು ಸಣ್ಣ ಮೊಳೆ ಬಾಗಿಸಿ ಸಿಕ್ಕಿಸಿದರೆ ಸಾಲದು, ವಾಷರ್ ಹಾಕಿ ಸ್ಕ್ರೂ ಬಿಗಿಯಬೇಕು.

ಗೂಡು ನೆಲದ ಮೇಲಿದ್ದರೆ ಬುಡವೇ ದುರ್ಬಲ ಭಾಗ. ನರಿ, ನಾಯಿಗಳು ಗೋಡೆಯ ಬುಡದಲ್ಲಿಯೇ ಮಣ್ಣು ಕೆರೆಯುತ್ತವೆ. ಮೆಶ್ಶನ್ನು ಒಂದು ಅಡಿ ಹೂಳಬಹುದು; ಅಥವಾ ಒಂದೂವರೆ ಅಡಿಯಷ್ಟನ್ನು ಹೊರಗಡೆಗೆ ನೆಲದ ಮೇಲೆ ಹಾಸಿ ಕಲ್ಲು ಹೇರಬಹುದು. ಎರಡನೆಯದರಲ್ಲಿ ಅಗೆತದ ಶ್ರಮವಿಲ್ಲ, ಫಲವು ಕಡಿಮೆಯೂ ಅಲ್ಲ. ಗೂಡನ್ನು ಎರಡು ಮೂರು ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸುವುದಾದರೆ ಕಾಲುಗಳಿಗೆ ತಗಡಿನ ಕೊಳವೆ ಸುತ್ತಿಸಬೇಕು. ಬಾಗಿಲಿನ ಸಂದು ಅರ್ಧ ಅಂಗುಲ ಮೀರಬಾರದು, ಚಿಲಕ ಎರಡಿರಬೇಕು. ಮಾಡು ಹೆಂಚಿನದಾದರೆ ಕೆಳಗೊಂದು ಮೆಶ್ ಹಾಸದೆ ಬಿಡಬಾರದು. ಚಿರತೆಯ ಸಂಚಾರವುಳ್ಳ ಊರುಗಳಲ್ಲಿ ಇದೆಲ್ಲವೂ ಸಾಲದು. ಅಲ್ಲಿ ಗೂಡು ಮನೆಯ ಗೋಡೆಗೆ ಒತ್ತಿಕೊಂಡೇ ಇರಬೇಕು.

ಹಗಲಿನ ಶತ್ರುಗಳು ಬೇರೆ. ಮುಂಗುಸಿ ಹಗಲಿನ ಪ್ರಾಣಿ. ಹದ್ದು, ಗಿಡುಗ, ಕಾಗೆಗಳು ಮರಿಗಳನ್ನು ಎತ್ತುತ್ತವೆ. ನಮ್ಮ ಹಿರಿಯರು ಮರಿಗಳನ್ನು ಬಿದಿರಿನ ಮಂಕರಿಯಡಿ ಮುಚ್ಚಿಡುತ್ತಿದ್ದುದು ಇದಕ್ಕಾಗಿಯೇ. ಇಂದು ಹಳೆಯ ಮೀನುಬಲೆಯನ್ನು ಮೇಲೆ ಕಟ್ಟಿದರೂ ಆದೀತು. ಚೆಲ್ಲಿದ ಕಾಳು ಇಲಿಯನ್ನೂ, ಇಲಿಯು ಹಾವನ್ನೂ ಕರೆತರುವುದರಿಂದ ಸಂಜೆ ಗುಡಿಸಬೇಕು. ಮೊಟ್ಟೆಯನ್ನು ಮಧ್ಯಾಹ್ನವೇ ತೆಗೆಯಬೇಕು. ತಳಿಯ ಆಯ್ಕೆಯೂ ಇಲ್ಲಿ ಪ್ರಸ್ತುತ. ಗಿರಿರಾಜ ಭಾರದ ಕೋಳಿ. ಅದಕ್ಕಿಂತ ಹಗುರವಾದ ಸ್ವರ್ಣಧಾರ, ಕಾಡುಬೆಕ್ಕು ನರಿಗಳಿಂದ ಸುಲಭವಾಗಿ ತಪ್ಪಿಸಿಕೊಳ್ಳಬಲ್ಲದು. ಆದರೆ ಮುಚ್ಚಿದ ಗೂಡಿನೊಳಗೆ ಈ ಚುರುಕುತನವು ಯಾವ ಉಪಯೋಗಕ್ಕೂ ಬಾರದು.

ಉರುಳು ಹಾಕುವುದು, ವಿಷವಿಡುವುದು, ಬೇಲಿಗೆ ನೇರವಾಗಿ ಮನೆಯ ವಿದ್ಯುತ್ ಹರಿಸುವುದು ಇವುಗಳನ್ನು ಸಲಹೆಯಾಗಿ ಹೇಳುವವರು ಇನ್ನೂ ಇದ್ದಾರೆ. ಪುನುಗು, ಮುಂಗುಸಿ, ನರಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ವಿದ್ಯುತ್ ಬೇಲಿಯಂತೂ ಮನುಷ್ಯರನ್ನೇ ಬಲಿ ತೆಗೆದುಕೊಳ್ಳುತ್ತದೆ. ಇಂತಹ ಸಲಹೆ ನಮ್ಮ ಯಾವ ಅಂಗಡಿಯ ಕಟ್ಟೆಯಿಂದಲೂ ಬರಕೂಡದು.

ಇನ್ನು ನನ್ನ ಕಸುಬಿನ ವಿಚಾರ. ಊಹೆಗಾಗಿ ಅಂಕಿಗಳನ್ನು ಇಟ್ಟುಕೊಳ್ಳೋಣ. ಭದ್ರವಾದ ಗೂಡಿಗೆ 9,000 ರೂ. ವೆಚ್ಚ, ಬಾಳಿಕೆ 6 ವರ್ಷ, 20 ಕೋಳಿ. ವರ್ಷಕ್ಕೆ 1,500 ರೂ., ಅಂದರೆ ಕೋಳಿಯೊಂದಕ್ಕೆ 75 ರೂ. ಬೆಳೆದ ಕೋಳಿಯ ಬೆಲೆ 350 ರೂ. ಎಂದಾದರೆ ವರ್ಷದಲ್ಲಿ ಐದು ಕೋಳಿ ಉಳಿದರೂ ಗೂಡಿನ ವೆಚ್ಚ ಹೊರಬಿತ್ತು. ಮೇಲಿನ ಮೊಟ್ಟೆಯೆಲ್ಲ ಲಾಭ. ಜೀವಂತ ಕೋಳಿ ಮತ್ತು ಮೊಟ್ಟೆಗಳಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಮೆಶ್ಶಿನ ಮೇಲೆ ತೆತ್ತ ತೆರಿಗೆಗೆ ಜಮೆ ದೊರೆಯದು, ಅದನ್ನೂ ವೆಚ್ಚಕ್ಕೇ ಸೇರಿಸಬೇಕು. ಕೋಳಿ ಸಾಕಣೆಯ ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲವೆಂಬುದನ್ನೂ ದೊಡ್ಡದಾಗಿ ಸಾಕುವವರು ಮರೆಯಬಾರದು. ನಷ್ಟವಾದಾಗ ದಿನಾಂಕ, ಸಂಖ್ಯೆ, ಕಾರಣಗಳನ್ನು ಅಂದೇ ಬರೆದಿಟ್ಟು, ಸಾಧ್ಯವಾದರೆ ಛಾಯಾಚಿತ್ರ ತೆಗೆದಿರಿಸುವುದು ಲೇಸು.

ಇದು ಸಣ್ಣ ಮಾರುಕಟ್ಟೆಯೆಂದು ಭಾವಿಸುವವರು 2019ರ 20ನೆಯ ಜಾನುವಾರು ಗಣತಿಯನ್ನು ನೋಡಬೇಕು. ದೇಶದ 85.18 ಕೋಟಿ ಕೋಳಿ ಮೊದಲಾದ ಸಾಕುಪಕ್ಷಿಗಳಲ್ಲಿ 31.7 ಕೋಟಿ ಹಿತ್ತಲಿನವು. 2012ರ ಗಣತಿಗೆ ಹೋಲಿಸಿದರೆ ಹಿತ್ತಲಿನವು ಶೇ. 45ಕ್ಕೂ ಮಿಕ್ಕಿ ಏರಿದ್ದರೆ, ವಾಣಿಜ್ಯ ಫಾರಂಗಳದ್ದು ಶೇ. 5ನ್ನೂ ಮುಟ್ಟಿರಲಿಲ್ಲ. ಗೇಟು, ಕಿಟಕಿ ಸರಳುಗಳನ್ನೇ ಮಾಡುತ್ತಿರುವ ನಮ್ಮ ವೆಲ್ಡಿಂಗ್ ಘಟಕಗಳಲ್ಲಿ ಎಷ್ಟು ಮಂದಿ 20 ಕೋಳಿಯ ಒಂದು ಸಿದ್ಧ ಗೂಡನ್ನು ಮಾದರಿಯಾಗಿ ಮಾಡಿ ಮುಂದಿಟ್ಟಿದ್ದಾರೆ? ನನ್ನ ಕಣ್ಣಿಗೆ ಬಿದ್ದುದು ಒಂದೇ.

ಜಾಲರಿ ಮಾರಿದ ಮಿತ್ರರು ಈಗ ಎರಡೂ ಬಗೆಯನ್ನು ಇರಿಸಿದ್ದಾರೆ. ಕೋಳಿ ಜಾಲರಿ ಕೇಳಿ ಬಂದವರನ್ನು “ಹಗಲಿಗೋ, ರಾತ್ರಿಗೋ?” ಎಂದು ವಿಚಾರಿಸುತ್ತಾರೆ. ಹೆಚ್ಚಿನ ಬೆಲೆ ಕೇಳಿ ಹಿಂದಿರುಗುವವರೂ ಇದ್ದಾರೆಂದು ಅವರೇ ಹೇಳಿದರು; ಆದರೂ ಕೇಳುವುದನ್ನು ಬಿಟ್ಟಿಲ್ಲ.

ಸಂಘದವರು ಹೊಸ ಗೂಡು ಮಾಡಿಸಿ, ಸಂಜೆ ಕಾಳನ್ನು ಒಳಗೇ ಹಾಕಿ, ಎಣಿಸಿ, ಚಿಲಕವಿಟ್ಟವರು ಸಹಿ ಮಾಡುವ ಪುಸ್ತಕವೊಂದನ್ನು ಇಟ್ಟಿದ್ದಾರೆ. ಕಳೆದ ಬಾರಿ ಅದನ್ನು ತಿರುವಿ ಹಾಕುವಾಗ ಒಂದು ಸಂಜೆಯ 19 ಎಂಬುದನ್ನು ಹೊಡೆದು 20 ಎಂದು ಬರೆದಿರುವುದು ಕಂಡಿತು. ತಿದ್ದುಪಡಿ ಕಂಡರೆ ಕಾರಣ ಕೇಳುವುದು ನಮ್ಮ ವೃತ್ತಿಯ ರೂಢಿ. ಕೇಳುವ ಅಗತ್ಯವಿರಲಿಲ್ಲ, ಪಕ್ಕದಲ್ಲಿಯೇ ಬರೆದಿದ್ದರು: ‘ಹಲಸಿನ ಮರದ ಮೇಲಿತ್ತು. ರಾತ್ರಿ 8ಕ್ಕೆ ಇಳಿಸಿ ಒಳಗೆ ಹಾಕಿದೆ.’